ಬೇವಿನ ಬುಡದ ಹಾಳೆ

ಮರಳುಗಾಡಿನ ಒಂದು ಹಳೆಯ ಕ್ರೈಸ್ತ ಮಠದ ಸನ್ಯಾಸಿಗಳು ಹರಿದ ಗ್ರಂಥವನ್ನು ಎಸೆಯುತ್ತಿರಲಿಲ್ಲವಂತೆ. ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಮಠ ಅಳಿದು ಸಾವಿರ ವರ್ಷದ ಮೇಲೆ ಮಡಕೆಗಳು ಸಿಕ್ಕಿದವು. ವಿದ್ವಾಂಸರು ಮಹಾಶೋಧ ಎಂದರು. ಅಬುಧಾಬಿಯ ಪ್ರದರ್ಶನಕ್ಕೆ ಹೊರಟ ಆ ಚರ್ಮದ ಹಾಳೆಗಳು ನಡುವೆ ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿನಲ್ಲಿ ತಂಗಿದವು. ಅಲ್ಲಿ ಪೆಟ್ಟಿಗೆ ಬಿಚ್ಚುವವನು ಉಪ್ಪಿನಂಗಡಿಯ ಜಲೀಲ್.

ಅವನ ಮೇಲಧಿಕಾರಿ ಮಂಗಳೂರಿನ ಸ್ಟೇಸಿ. ಮಧ್ಯಾಹ್ನ ಅವಳು ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಜಲೀಲಾಕ, ಒಂದು ಹಾಳೆಯ ಮೂಲೆಯೇ ಇಲ್ಲ ಮಾರಾಯ್ರೆ. ಊಟ ಆದ ಮೇಲೆ ಕ್ಯಾಮೆರಾ ನೋಡ್ತಾರಂತೆ."

ಜಲೀಲ್ ಸುಲೈಮಾನಿ ಚಹಾದ ಲೋಟವನ್ನು ಕೆಳಗಿಟ್ಟ.

"ಅದು ಕಸದಲ್ಲಿತ್ತು ಮೇಡಂ. ಥರ್ಮಾಕೋಲಿನೊಟ್ಟಿಗೆ. ಅಕ್ಷರ ಕಂಡಿತು. ದೇವರ ಹೆಸರಿರುವುದನ್ನು ಮೆಟ್ಟಲಿಕ್ಕುಂಟಾ? ಕರ್ಚೀಫಿನಲ್ಲಿ ಸುತ್ತಿ ನಿನ್ನೆ ಸಂಜೆ ಹೂತುಬಿಟ್ಟೆ."

"ಹೂತದ್ದಾ! ಅದು ಅರಬಿ ಅಲ್ಲ, ನಿಮ್ಮದಲ್ಲ!"

"ಯಾರದ್ದಾದರೇನು? ದೇವರದ್ದಲ್ವಾ?"

ಸ್ಟೇಸಿ ಗೋಡೆಯ ಮೇಲಿನ ಕ್ಯಾಮೆರಾದತ್ತ ನೋಡಿದಳು. ಕ್ಯಾಮೆರಾದಲ್ಲಿ ಏನು ಕಾಣುತ್ತದೆಂದು ಇಬ್ಬರಿಗೂ ಹೊಳೆದಿತ್ತು: ಜಲೀಲ್ ಬಗ್ಗುತ್ತಾನೆ, ಎತ್ತುತ್ತಾನೆ, ತುಟಿಗೊತ್ತಿಕೊಳ್ಳುತ್ತಾನೆ, ಜೇಬಿಗಿಳಿಸುತ್ತಾನೆ. ಮುತ್ತಿಟ್ಟು ಕದಿಯುವ ಕಳ್ಳನನ್ನು ಪೊಲೀಸರು ಕಂಡಿರಲಾರರು. ಆದರೆ ಅದಕ್ಕಾಗಿ ಶಿಕ್ಷೆ ಕಡಿಮೆಯಾಗುತ್ತದೆಂದು ಎಲ್ಲೂ ಕೇಳಿಲ್ಲ.

"ಎಲ್ಲಿ ಹೂತದ್ದು?"

"ನಾವು ಮಲಗುವ ಕ್ಯಾಂಪಿನ ಹಿಂದೆ. ಯಾರೂ ತುಳಿಯದ ಜಾಗ. ಬೇವಿನ ಮರದ ಬುಡ, ಒಳ್ಳೆ ತಂಪುಂಟು."

"ಯಲ್ಲಾ, ಬೇಗ ಬನ್ನಿ."

ಕಾರಿನಲ್ಲಿ ಜಲೀಲನ ತುಟಿ ಸದ್ದಿಲ್ಲದೆ ಪ್ರಾರ್ಥಿಸುತ್ತಿತ್ತು. ಸ್ಟೇಸಿ ಏಸಿ ಹೆಚ್ಚಿಸಿದಳು. ಆದರೂ ಅವನ ಅಂಗಿಯ ಬೆನ್ನು ಸೀಟಿಗೆ ಅಂಟಿತು. ಸುತ್ತ ಮೈಲಿಗಟ್ಟಲೆ ಒಣ ಮರಳು. ಎಲ್ಲಿ ಹೂತಿದ್ದರೂ ಇನ್ನೊಂದು ಸಾವಿರ ವರ್ಷ ಹಾಗೇ ಇರುತ್ತಿತ್ತು. ಆದರೆ ಜಲೀಲ್ ಮಳೆಯೂರಿನವನು. ಪವಿತ್ರವಾದದ್ದನ್ನು ಬೆಂಗಾಡಿಗೆ ಹಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಬೇವಿನ ಬುಡದಲ್ಲಿ ಕಪ್ಪು ಪೈಪು ಹಾವಿನಂತೆ ಸುತ್ತಿಕೊಂಡು ತೊಟ್ಟಿಕ್ಕುತ್ತಿತ್ತು. ತಂಪಿನ ಗುಟ್ಟು ಅದು.

"ಅಯ್ಯೋ ದೇವರೇ, ಡ್ರಿಪ್ಪು," ಎಂದಳು ಸ್ಟೇಸಿ.

ಜಲೀಲ್ ಮಂಡಿಯೂರಿ ಬೆರಳಿನಿಂದಲೇ ಅಗೆದ. ಕರ್ಚೀಫು ಹಿಂಡಿದರೆ ನೀರು ಬರುವಂತಿತ್ತು. ಸ್ಟೇಸಿ ಅದನ್ನು ಮೆಲ್ಲಗೆ ಬಿಡಿಸಿದಳು. ಒಳಗೆ ಚರ್ಮದ ತುಂಡು ನೆನೆದು ಮೆತ್ತಗಾಗಿ ಬೋಳಾಗಿತ್ತು. ಅಕ್ಷರಗಳೆಲ್ಲ ಕರ್ಚೀಫಿಗೆ ಇಳಿದಿದ್ದವು. ಕನ್ನಡಿಯಲ್ಲಿ ಕಂಡಂತೆ ತಿರುಗಿ, ಕಂದು ಬಣ್ಣದಲ್ಲಿ, ಸಾಲು ಸಾಲು.

ಅವಳ ಫೋನು ಹೊಡೆದುಕೊಂಡಿತು. ಎತ್ತಿ ಕೇಳಿದಳು, "ಓಕೆ ಸರ್" ಎಂದಳು, ಇಟ್ಟಳು.

"ಕ್ಯಾಮೆರಾ ನೋಡಿ ಆಯ್ತಂತೆ. ಸೆಕ್ಯೂರಿಟಿಯವರು ನಿಮ್ಮನ್ನು ಹುಡುಕಿಕೊಂಡು ಇಲ್ಲಿಗೇ ಹೊರಟಿದ್ದಾರೆ." ತುಂಡನ್ನು ತನ್ನ ಬ್ಯಾಗಿನ ಪ್ಲಾಸ್ಟಿಕ್ಕಿಗೆ ಸೇರಿಸಿದಳು. "ಕೇಳಿ. ಪೆಟ್ಟಿಗೆಯೊಳಗೇ ನೀರು ತಾಗಿತ್ತು, ನಾನು ಒಣಗಿಸ್ಲಿಕ್ಕೆ ಕೊಟ್ಟದ್ದು ಅಂತ ಹೇಳ್ತೇನೆ. ಆ ಕರ್ಚೀಫು ಮಾತ್ರ ಯಾರ ಕಣ್ಣಿಗೂ ಬೀಳ್ಬಾರ್ದು, ಅಕ್ಷರ ಅದರಲ್ಲೇ ಇಳಿದದ್ದು ಅಂತ ಗೊತ್ತಾಗ್ತದೆ. ಅಲ್ಲಿ ಡಸ್ಟ್‌ಬಿನ್ ಉಂಟು, ಬಿಸಾಡಿ. ಖಲಾಸ್."

ಗೇಟಿನಾಚೆ ಧೂಳೆದ್ದಿತು. ಬಿಳಿ ಗಾಡಿ ತಿರುಗುತ್ತಿತ್ತು.

ಜಲೀಲ್ ಡಸ್ಟ್‌ಬಿನ್ ನೋಡಿದ. ಮೇಲೆ ಅನ್ನ, ಮೀನಿನ ಮುಳ್ಳು. ಕೈಯಲ್ಲಿದ್ದ ಬಟ್ಟೆ ನೋಡಿದ.

"ಜಲೀಲಾಕ! ಬಿಸಾಡಿ ಅಂತ ಹೇಳಿದ್ದಲ್ವಾ!"

"ಅಕ್ಷರ ಉಂಟಲ್ಲ ಮೇಡಂ ಇದರಲ್ಲಿ," ಎಂದ ಅವನು, ಅಳು ಬರುವವನಂತೆ. ಅಕ್ಷರ ಒಳಗಾಗುವಂತೆ ಮಡಚಿ, ತುಟಿಗೊತ್ತಿ, ಎದೆಯ ಜೇಬಿನಲ್ಲಿಟ್ಟುಕೊಂಡ. ಗಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಕಂದು ನೀರು ಜೇಬಿನಿಂದ ಅಂಗಿಗೆ ಇಳಿಯತೊಡಗಿತ್ತು.