ಹೊಟ್ಟೆ ಮುಂದಿದ್ದರೆ ಬಿ

ಹತ್ತನೇ ಕ್ಲಾಸಿನ ಇಂಗ್ಲಿಷ್ ಮೇಷ್ಟ್ರಿಗೆ ಇದ್ದದ್ದು ಒಂದೇ ದೂರು: ಮಕ್ಕಳನ್ನು ಒಂದನೇ ಕ್ಲಾಸಿನಲ್ಲೇ ಕೆಡಿಸಿ ಮೇಲಕ್ಕೆ ಕಳಿಸುತ್ತಾರೆ ಅಂತ. ಇಪ್ಪತ್ತೊಂದು ವರ್ಷದಿಂದ ಪ್ರತಿ ಪರೀಕ್ಷೆ ಮುಗಿದ ಮೇಲೂ ಸ್ಟಾಫ್ ರೂಮಿನಲ್ಲಿ ಇದನ್ನೇ ಹೇಳುತ್ತಿದ್ದರು. ಉಳಿದವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಆ ದಿನ ಮಾತ್ರ ಒಂದನೇ ಕ್ಲಾಸಿನ ಟೀಚರ್ ಎದುರಿಗೇ ಕೂತು ಊಟ ಮಾಡುತ್ತಿದ್ದರು.

"ಅಡಿಪಾಯವೇ ಇಲ್ಲದ ಮೇಲೆ ನಾನೇನು ಗಾಳಿಯಲ್ಲಿ ಗೋಡೆ ಕಟ್ಟಲಾ?" ಎಂದರು ಮೇಷ್ಟ್ರು, ಕೆಂಪು ಪೆನ್ನಿಗೆ ಮುಚ್ಚಳ ಹಾಕುತ್ತಾ.

ಟೀಚರ್ ಡಬ್ಬಿ ಮುಚ್ಚಿದರು. "ಹಾಗಾದ್ರೆ ನಾಳೆ ನೀವೇ ಬಂದು ಅಡಿಪಾಯ ಹಾಕಿ ಸಾರ್. ನಾನು ಹೋಗಿ ನಿಮ್ಮ ಗೋಡೆ ನೋಡ್ಕೊಂಡು ಬರ್ತೀನಿ."

ಇದು ಅಲ್ಲಿಗೇ ನಗುವಿನಲ್ಲಿ ಮುಗಿಯಬೇಕಿತ್ತು. ಆದರೆ ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಂ, "ಒಳ್ಳೇ ಯೋಚನೆ. ಎರಡು ವಾರ, ಇಂಗ್ಲಿಷ್ ಪೀರಿಯಡ್ ಮಾತ್ರ" ಎಂದು ಹೇಳಿ ಹೋಗಿಯೇಬಿಟ್ಟರು.

ಮರುದಿನ ಮೇಷ್ಟ್ರು ಒಂದನೇ ಕ್ಲಾಸಿಗೆ ಕಾಲಿಟ್ಟರು. ಮೂವತ್ತೆಂಟು ಮಕ್ಕಳು. ಅಲ್ಲಿದ್ದ ಒಂದೇ ಕುರ್ಚಿ ಎಷ್ಟು ಗಿಡ್ಡವೆಂದರೆ ಕೂತಾಗ ಅವರ ಮೊಣಕಾಲು ಗಲ್ಲಕ್ಕೆ ತಾಗಿತು.

"ಸಾರ್, ನೀವು ಯಾರ ತಾತ?" ಎಂದು ಕೇಳಿದಳು ಮುಂದಿನ ಸಾಲಿನ ಒಂದು ಹುಡುಗಿ. ಎಲ್ಲದಕ್ಕೂ ಯಾಕೆ ಯಾಕೆ ಎನ್ನುತ್ತಿದ್ದುದರಿಂದ ಅವಳಿಗೆ ಕ್ಲಾಸಿನಲ್ಲಿ ಯಾಕಮ್ಮ ಎಂದೇ ಹೆಸರು.

"ಯಾರ ತಾತನೂ ಅಲ್ಲ. ನಾನು ಮೇಷ್ಟ್ರು."

"ಯಾಕೆ?"

ಅಷ್ಟರಲ್ಲಿ ಒಬ್ಬನಿಗೆ ಒಂದಕ್ಕೆ ಬಂತು, ಅವನ ಹಿಂದೆಯೇ ಹನ್ನೊಂದು ಜನಕ್ಕೆ ಬಂತು. ಇನ್ನೊಬ್ಬ ಬಿದ್ದ ಹಲ್ಲನ್ನು ಅಂಗೈ ಮೇಲಿಟ್ಟುಕೊಂಡು ಬಂದು ತೋರಿಸಿದ. ಮೇಷ್ಟ್ರು ಹತ್ತನೇ ಕ್ಲಾಸನ್ನು ನಡುಗಿಸುವ ಗಂಟಲಿನಲ್ಲಿ "ಸೈಲೆನ್ಸ್!" ಎಂದರು. ಕೊನೆಯ ಸಾಲಿನಲ್ಲಿ ಒಂದು ಮಗು ಅಳಲು ಶುರುಮಾಡಿತು. ಪಕ್ಕದ್ದು ಅದಕ್ಕೆ ಜೊತೆ ಕೊಟ್ಟಿತು. ಗಂಟೆ ಹೊಡೆಯುವಷ್ಟರಲ್ಲಿ ಮೇಷ್ಟ್ರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬೋರ್ಡಿನ ಮೇಲೆ ಇದ್ದದ್ದು ಒಂದೇ ಅಕ್ಷರ, ಸಣ್ಣ ಬಿ. ಅದನ್ನು ಅರ್ಧ ಕ್ಲಾಸು ಡಿ ಎಂದು ಓದಿತ್ತು.

ಸಂಜೆ ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರದ ಪಕ್ಕ ಕೂತು ಗೋಳು ಹೇಳಿಕೊಂಡರು. ಆಕೆ ಟೈಲರ್, ನಾಲ್ಕಾರು ಹೆಂಗಸರಿಗೆ ಹೊಲಿಗೆಯನ್ನೂ ಕಲಿಸುತ್ತಿದ್ದರು.

"ನಾನು ಮೊದಲನೇ ದಿನವೇ ಕೋಟು ಹೊಲಿಸ್ತೀನಾ ರೀ? ಹಳೇ ಬಟ್ಟೆ ಕೊಟ್ಟು ನೆಟ್ಟಗೆ ಒಂದು ಗೆರೆ ಹೊಲಿಸ್ತೀನಿ. ಕೈಗೆ ಗೊತ್ತಾಗ್ಬೇಕು, ಆಮೇಲೆ ತಲೆಗೆ." ಹಾಗೆನ್ನುತ್ತಲೇ ಒರಟು ಬಟ್ಟೆಯ ತುಂಡುಗಳಲ್ಲಿ ಅಕ್ಷರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರು. ಬಿ ಅಂಟಿಸುವಾಗ ಗಂಡನನ್ನು ಪಕ್ಕದಿಂದ ನೋಡಿ ಕಿಸಕ್ಕೆಂದು ನಕ್ಕರು. "ಇದು ಥೇಟ್ ನೀವೇ. ಬೆನ್ನು ನೆಟ್ಟಗೆ, ಹೊಟ್ಟೆ ಮುಂದೆ."

ಮೇಷ್ಟ್ರು ಮುಖ ಗಂಟಿಕ್ಕಿಕೊಂಡರು. ಆದರೆ ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ಎರಡು ದಿನ ಬಿಟ್ಟು ಹೆಡ್ ಮೇಡಂ ವರಾಂಡದಲ್ಲಿ ಹೋಗುತ್ತಾ ಕಿಟಕಿಯಿಂದ ಇಣುಕಿದರೆ ಒಳಗೆ ಬೇರೆಯೇ ಲೋಕ. ಮಕ್ಕಳು ಬಟ್ಟೆಯ ಅಕ್ಷರಗಳ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು. ಮೇಷ್ಟ್ರು ಬೋರ್ಡಿನ ಎಡಗಡೆಯಿಂದ ಬಲಗಡೆಗೆ ಹೊಟ್ಟೆ ಉಬ್ಬಿಸಿಕೊಂಡು ನಡೆಯುತ್ತಿದ್ದರು.

"ಹೊಟ್ಟೆ ಮುಂದಿದ್ದರೆ?"

"ಬಿ!" ಎಂದು ಮೂವತ್ತೆಂಟು ಗಂಟಲುಗಳು ಕೂಗಿದವು.

ಮೇಷ್ಟ್ರು ಯಾಕಮ್ಮನ ಸ್ಕೂಲ್ ಬ್ಯಾಗನ್ನು ಬೆನ್ನಿಗೇರಿಸಿ, ಹೊಟ್ಟೆ ಒಳಗೆಳೆದುಕೊಂಡು ಮತ್ತೆ ನಡೆದರು. "ಬ್ಯಾಗ್ ಹಿಂದಿದ್ದರೆ?"

"ಡಿ!"

"ಸಾರ್, ಹೊಟ್ಟೆ ಪೂರ್ತಿ ಒಳಗೆ ಹೋಗಿಲ್ಲ" ಎಂದಳು ಯಾಕಮ್ಮ. ಹೆಡ್ ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ಅಲ್ಲಿಂದ ಓಡಿದರು.

ಮೇಲಿನ ಮಹಡಿಯ ಹತ್ತನೇ ಕ್ಲಾಸಿನಲ್ಲಿ ಟೀಚರಿಗೆ ಇದರ ತದ್ವಿರುದ್ಧ ತೊಂದರೆ. ನಲವತ್ತೆರಡು ಮಕ್ಕಳ ಬಾಯಿಗೂ ಬೀಗ. "ನನ್ನ ಜೀವನದ ಗುರಿ" ಪ್ರಬಂಧ ಕೊಟ್ಟರೆ ನಲವತ್ತೆರಡೂ ಜನ ಡಾಕ್ಟರ್ ಆಗುವವರೇ, ಅದೂ ಎಲ್ಲರದ್ದೂ ಅವೇ ವಾಕ್ಯಗಳಲ್ಲಿ. ಟೀಚರ್ ಕೊನೆಯ ಬೆಂಚಿನ ಹುಡುಗಿಯ ಹತ್ತಿರ ಹೋದರು. ಕ್ಲಾಸಿನಲ್ಲೆಲ್ಲ ಅವಳೇ ಎತ್ತರ, ಅದಕ್ಕೇ ಎಲ್ಲರೂ ಅವಳನ್ನು ಏಣಿ ಎನ್ನುತ್ತಿದ್ದರು.

"ನಿಜ ಹೇಳು, ನೀನು ಡಾಕ್ಟರ್ ಆಗ್ತೀಯಾ?"

"ಅಯ್ಯೋ ಇಲ್ಲ ಮಿಸ್. ರಕ್ತ ನೋಡಿದ್ರೆ ತಲೆ ಸುತ್ತುತ್ತೆ. ನಾನು ನಮ್ಮ ಸೋದರಮಾವನ ತರ ದೊಡ್ಡ ಲಾರಿ ಓಡಿಸ್ತೀನಿ."

"ಮತ್ತೆ ಅದನ್ನೇ ಬರೀಬಾರದಾ?"

"ಲಾರಿ ಓಡಿಸೋ ಪ್ರಬಂಧ ಗೈಡಲ್ಲಿ ಇಲ್ಲ ಮಿಸ್."

ಟೀಚರ್ ನಕ್ಕು, ಎಲ್ಲರಿಗೂ ಗೈಡ್ ಮುಚ್ಚಿಸಿ, ನಿಜವಾದ ಐದೇ ಐದು ವಾಕ್ಯ ಬರೆಯಲು ಹೇಳಿದರು. ಏಣಿ ಪೆನ್ಸಿಲ್ ಕಚ್ಚಿ ಕಚ್ಚಿ ಪೀರಿಯಡ್ ಪೂರ್ತಿ ಬರೆದಳು.

ಆ ಹಾಳೆ ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಕಣ್ಣಿಗೆ ಬಿತ್ತು. ಕೈ ತಾನಾಗಿಯೇ ಕೆಂಪು ಪೆನ್ನಿನತ್ತ ಹೋಯಿತು.

"ತಿದ್ದಬೇಡಿ ಸಾರ್" ಎಂದರು ಟೀಚರ್. "ನಾಳೆ ನನ್ನ ಮಕ್ಕಳಿಗೆ ಓದಿಸಿ. ಬೆಕ್ಕು ಚಾಪೆ ಮೇಲೆ ಕೂತಿದ್ದನ್ನ ಓದಿ ಓದಿ ಅವಕ್ಕೂ ಸಾಕಾಗಿದೆ."

ಬರೆದವರ ಹೆಸರು ಹೇಳದೆ ಮೇಷ್ಟ್ರು ಅದನ್ನು ಇದ್ದಂತೆಯೇ ಬೋರ್ಡಿಗೆ ಇಳಿಸಿದರು. ಲಾರಿ ಎಂದೊಡನೆ ಮಕ್ಕಳು ಬೆಂಚಿನ ತುದಿಗೆ ಬಂದು ಕೂತವು. ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದವು. ಎರಡನೇ ವಾಕ್ಯಕ್ಕೆ ಯಾಕಮ್ಮ ಎದ್ದು ನಿಂತಳು. "ಸಾರ್, ಲಾರಿ ಈಸ್ ಡಿಗ್ ಅಂತ ಇದೆ. ಬಿಗ್ ಆಗ್ಬೇಕಲ್ವಾ? ಲಾರಿ ಹೊಟ್ಟೆ ಹಿಂದಕ್ಕೆ ಹೋಗ್ಬಿಟ್ಟಿದೆ!"

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಸ್ಟಾಫ್ ರೂಮಿಗೆ ಬಂದು ಬೀರುವಿನಿಂದ ಏಣಿಯ ಹಳೆಯ ಉತ್ತರ ಪತ್ರಿಕೆಗಳನ್ನು ತೆಗೆದರು. ಗೈಡಿನಿಂದ ಬಂದ ಸಾಲುಗಳೆಲ್ಲ ಸರಿ. ಅವಳೇ ಬರೆದ ಕಡೆಯೆಲ್ಲ ಬಿ ಇರಬೇಕಾದಲ್ಲಿ ಡಿ, ಡಿ ಇರಬೇಕಾದಲ್ಲಿ ಬಿ. ಪಕ್ಕದಲ್ಲಿ ಪ್ರತಿ ಸಲವೂ ಅವರದೇ ಕೆಂಪು ಅಕ್ಷರ: ಅಜಾಗರೂಕತೆ, ಅಜಾಗರೂಕತೆ. ಒಂಬತ್ತನೇ ಕ್ಲಾಸಿನಿಂದಲೂ, ಎರಡು ವರ್ಷ ಹೀಗೇ ಬರೆದಿದ್ದರು.

ಮಧ್ಯಾಹ್ನ ಏಣಿಯನ್ನು ಲೈಬ್ರರಿಗೆ ಕರೆಸಿದರು. ಅವಳು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಳು.

"ಕೂತ್ಕೊಳಮ್ಮ" ಎಂದು ಹಾಳೆಯ ಮೇಲೆ ಸಣ್ಣ ಬಿ, ಡಿ ಬರೆದು ತೋರಿಸಿದರು. "ಇವೆರಡು ಅಕ್ಷರ ನಿನಗೆ ಹೇಗೆ ಕಾಣ್ತವೆ?"

ಅವಳು ತಲೆ ಎತ್ತದೆ, "ಎರಡೂ ಒಂದೇ ತರ ಸಾರ್. ಮೊದಲಿಂದಲೂ ಹಾಗೇ. ಅದಕ್ಕೇ ಪೂರ್ತಿ ಪ್ರಬಂಧ ಬಾಯಿಪಾಠ ಮಾಡ್ಕೊಂಡ್ಬಿಡ್ತೀನಿ" ಎಂದಳು.

"ಯಾರಿಗೂ ಹೇಳ್ಲಿಲ್ವಾ?"

"ಹತ್ತನೇ ಕ್ಲಾಸಿಗೆ ಬಂದು ಎಬಿಸಿಡಿ ಬರಲ್ಲ ಅಂತ ಹೇಗೆ ಹೇಳೋದು ಸಾರ್?"

"ನನ್ನದೇ ತಪ್ಪು" ಎಂದರು ಮೇಷ್ಟ್ರು. ಶಿಷ್ಯರ ಮುಂದೆ ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. "ಕಾರಣ ಹುಡುಕದೆ ಬೈದುಬಿಟ್ಟೆ. ಈಗ ನೋಡು, ಕೆಳಗೆ ಮೂವತ್ತೆಂಟು ಜನ ಲಾರಿ ಮುಂದೆ ಎಲ್ಲಿಗೆ ಹೋಯ್ತು ಅಂತ ನನ್ನ ಪ್ರಾಣ ತಿಂತಿದಾರೆ. ಬರೆದು ಕೊಡ್ತೀಯಾ?"

ಅವಳು ಬೆಪ್ಪಾಗಿ ನೋಡಿದಳು. "ನಾನು ಬರೆದಿದ್ದನ್ನ... ಓದಿದ್ರಾ?"

"ಎರಡೆರಡು ಸಲ."

ಅಂದಿನಿಂದ ಊಟದ ಬಿಡುವಿನಲ್ಲಿ ಇಬ್ಬರೂ ಲೈಬ್ರರಿಯಲ್ಲಿ ಕೂತರು. ಮೇಷ್ಟ್ರು ಬಟ್ಟೆಯ ಅಕ್ಷರಗಳನ್ನು ಚೀಲದಲ್ಲಿ ಅಡಗಿಸಿ ತರುತ್ತಿದ್ದರು. ಮೊದಲೆರಡು ದಿನ ಏಣಿ ಯಾರಾದರೂ ಬಂದರೆ ಅವುಗಳ ಮೇಲೆ ಪುಸ್ತಕ ಮುಚ್ಚುತ್ತಿದ್ದಳು. ಲಾರಿಯ ಕಥೆ ಬೆಳೆಯುತ್ತಾ ಹೋಯಿತು: ಟೈರು ಪಂಕ್ಚರಾಯಿತು, ಲಾರಿಯೊಳಗೊಂದು ಮೇಕೆ ಹತ್ತಿಕೊಂಡಿತು. ಒಂದನೇ ಕ್ಲಾಸಿನವರಿಂದ ಮೇಲಕ್ಕೆ ಸಂದೇಶ ಬಂತು: ಮೇಕೆ ಸಾಯಬಾರದು.

ಎರಡನೇ ವಾರದ ಕೊನೆಗೆ ಏಣಿ ತಾನೇ ಕೆಳಗೆ ಹೋಗಿ ಕಥೆ ಓದಿದಳು. ನಡುವೆ ಒಂದು ಕಡೆ ತಡವರಿಸಿದಳು. ಯಾಕಮ್ಮ ಎದ್ದು ಹೊಟ್ಟೆ ಮುಂದೆ ಮಾಡಿ ನಿಂತಳು. ಏಣಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಪದ ಸರಿಮಾಡಿ ಮುಂದೆ ಓದಿದಳು. ಅದನ್ನು ಬಾಗಿಲಲ್ಲಿ ನಿಂತು ನೋಡಿದ ಹತ್ತನೇ ಕ್ಲಾಸಿನವರು, ನಾವೂ ಬರೀತೀವಿ ಎಂದು ಟೀಚರ್ ಬೆನ್ನು ಹತ್ತಿದರು.

ಅದಲುಬದಲು ಮುಗಿಯಿತು. ಆದರೆ ಪ್ರತಿ ಶುಕ್ರವಾರದ ಕೊನೆಯ ಪೀರಿಯಡ್ ಎರಡೂ ಕ್ಲಾಸು ಒಟ್ಟಿಗೆ ಕೂರುವುದೆಂದು ಹೆಡ್ ಮೇಡಂ ಬರೆದು ಹಾಕಿದರು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಏಣಿಗೆ ಹತ್ತಕ್ಕೆ ಏಳು ಬಂತು. ಪತ್ರಿಕೆ ಕೈಗೆ ಬಂದ ತಕ್ಷಣ ಅವಳು ನೆಟ್ಟಗೆ ಮೇಷ್ಟ್ರ ಮೇಜಿಗೆ ಬಂದಳು.

"ಸಾರ್, ಇನ್ನು ಮೂರು ಯಾಕೆ ಕಳೆದ್ರಿ? ಇಲ್ಲಿ ಬರೆದಿರೋದು ಸರಿಯಾಗೇ ಇದೆ."

ಮೇಷ್ಟ್ರು ಪಕ್ಕದ ಕುರ್ಚಿ ಎಳೆದು ಕೊಟ್ಟರು. ಇಬ್ಬರೂ ಒಂದೊಂದು ವಾಕ್ಯಕ್ಕೂ ಜಗ್ಗಾಡಿದರು. ಕೊನೆಗೆ ಅವಳು ಅರ್ಧ ಮಾರ್ಕು ಹೆಚ್ಚು ಹಾಕಿಸಿಕೊಂಡೇ ಎದ್ದಳು.