ಬೆಸುಗೆಯ ಪಕ್ಕದ ಬಿರುಕು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಶೆಡ್ಡಿನೊಳಗಿನ ಉಕ್ಕಿನ ತೊಲೆಗಳೂ ಬೆವರಿದ್ದವು. ಬೆರಳಿಂದ ಸವರಿದರೆ ಗೆರೆ ಮೂಡುತ್ತಿತ್ತು.

ಅಂದು ಅಕ್ಕನ ಕಣ್ಣಿನ ಆಪರೇಷನ್. ಭಾವ ಅವಳ ಜೊತೆ ಆಸ್ಪತ್ರೆಗೆ ಹೊರಟಿದ್ದರು. ಅವರ ಪಾಲಿನ ತೊಲೆಯಲ್ಲಿ ಒಂದೇ ಒಂದು ಜೋಡಣೆ ಬಾಕಿ. ನಮ್ಮಲ್ಲಿ ಬೆಸೆದವನು ಬೆಸುಗೆಯ ಪಕ್ಕದಲ್ಲೇ ತನ್ನ ನಂಬರು ಕೆತ್ತಿದ ಉಕ್ಕಿನ ಪಂಚ್ ಇಟ್ಟು ಹೊಡೆಯಬೇಕು. ಒಂದೇ ತೊಲೆಗೆ ಎರಡು ನಂಬರು ಬಿದ್ದರೆ ಕಾಗದಪತ್ರವೆಲ್ಲ ಮೊದಲಿನಿಂದ ಆಗಬೇಕು. ಅದಕ್ಕೇ ಭಾವ ಎಂದೂ ಮಾಡದ ಕೆಲಸ ಮಾಡಿದರು. ತಮ್ಮ ಪಂಚನ್ನು ನನ್ನ ಕೈಗಿಟ್ಟರು.

"ಇದು ಬರೀ ಉಕ್ಕಿನ ತುಂಡಲ್ಲ ಕಣೋ, ನನ್ನ ಇಪ್ಪತ್ತಾರು ವರ್ಷ. ಚಳಿ ಇದೆ, ಚೆನ್ನಾಗಿ ಕಾಯಿಸು. ಬಳಪ ಕರಗೋವರೆಗೂ ಬೆಸುಗೆ ಕಡ್ಡಿ ಮುಟ್ಟಿಸಬೇಡ."

ಸಾಧಾರಣ ಉಕ್ಕು ಹೆತ್ತವಳ ಹಾಗೆ, ಒರಟಾಟವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೆಚ್ಚು ಬಲದ ಈ ಉಕ್ಕಿಗೆ ಆ ತಾಳ್ಮೆಯಿಲ್ಲ. ತಣ್ಣಗಿರುವಾಗ ಬೆಸೆದರೆ ಬೆಸುಗೆಯ ಅಂಚು ತಟ್ಟನೆ ಆರಿ ಗಾಜಿನಂತೆ ಪೆಡಸಾಗುತ್ತದೆ. ತೇವದೊಳಗಿನ ಹೈಡ್ರೋಜನ್ ಅಲ್ಲಿ ಸೇರಿಕೊಂಡು ಸದ್ದಿಲ್ಲದೆ ಹೊಂಚು ಹಾಕುತ್ತದೆ. ಆದ್ದರಿಂದ ಉಕ್ಕಿನ ಮೇಲೆ ಒಂದು ಬಗೆಯ ಬಳಪದಿಂದ ಗೆರೆ ಎಳೆದು ಕಾಯಿಸುತ್ತೇವೆ. ತಕ್ಕಷ್ಟು ಬಿಸಿಯಾದಾಗ ಗೆರೆ ಕರಗಿ ಹರಿಯುತ್ತದೆ. ಬೆಸುಗೆ ಶುರುವಾಗಬೇಕಾದ್ದು ಆಮೇಲೆ.

ಮೊದಲು ಪಸೆ ಆರಲೆಂದು ನಾನು ಉರಿ ಹಿಡಿದು ಕೂತಿದ್ದೆ. ತೊಲೆಗಳನ್ನು ಪರೀಕ್ಷೆಯ ಅಂಗಳಕ್ಕೆ ಸಾಗಿಸುವ ಕ್ರೇನ್ ಬಂದು ನಿಂತಿತು. ಮೇಸ್ತ್ರಿ ಬಾಗಿಲಲ್ಲೇ ನಿಂತು, "ಏನಪ್ಪಾ, ತೊಲೆಗೆ ಸ್ನಾನ ಮಾಡಿಸ್ತೀಯಾ? ಸೀಗೆಪುಡಿ ತರಿಸ್ಲಾ?" ಅಂದ. ಎಲ್ಲರೂ ನಕ್ಕರು. ನನ್ನ ಮುಖ ಸಣ್ಣದಾಯಿತು. ಮೇಲಿನ ಪಸೆ ಆರಿದ್ದೇ ಸಾಕೆಂದು ಬೆಸೆದು, ಪಕ್ಕದಲ್ಲಿ ಭಾವನ ನಂಬರು ಹೊಡೆದುಬಿಟ್ಟೆ. ಬಳಪ ಜೇಬಿನಲ್ಲೇ ಉಳಿಯಿತು.

ಬೆಸುಗೆ ಮಾತ್ರ ಮೀನಿನ ಹುರುಪೆ ಜೋಡಿಸಿದ ಹಾಗೆ ಬಂದಿತ್ತು. ಸಂಜೆ ಭಾವ ಬಂದು ಅದರ ಮೇಲೆ ಬೆರಳಾಡಿಸಿ, ನನಗಿಂತ ಚೆನ್ನಾಗಿ ಮಾಡಿದ್ದೀಯಲ್ಲೋ ಎಂದು ಹಿಗ್ಗಿದರು. ಬಳಪ ಕರಗಿತಾ ಎಂದು ಕೇಳಿದರು. ಹೂಂ ಅಂದೆ.

ಈ ಉಕ್ಕನ್ನು ಬೆಸೆದ ದಿನವೇ ಪರೀಕ್ಷಿಸುವುದಿಲ್ಲ, ಬಿರುಕು ತಡವಾಗಿ ಬಾಯಿಬಿಡುತ್ತದೆಂದು ಎರಡು ದಿನ ಬಿಡುತ್ತಾರೆ. ಮೂರನೆಯ ದಿನ ಪರೀಕ್ಷಕರು ಅಯಸ್ಕಾಂತ ಹಿಡಿದು ಕಬ್ಬಿಣದ ಪುಡಿ ಉದುರಿಸಿದರು. ಬೆಸುಗೆಗೆ ಏನೂ ಆಗಿರಲಿಲ್ಲ. ಅದರ ಪಕ್ಕದಲ್ಲಿ, ಗಟ್ಟಿಯೆಂದು ನಂಬಿದ್ದ ಉಕ್ಕಿನಲ್ಲೇ, ಬಿರುಕಿನ ಗುಂಟ ಪುಡಿ ಕೂದಲೆಳೆಯಂತೆ ಸಾಲುಗಟ್ಟಿ ನಿಂತಿತು.

"ಯಾರ ನಂಬರಿದು?"

ಭಾವ ನನ್ನತ್ತ ಒಮ್ಮೆ ನೋಡಿದರು. ಒಂದು ಉಸಿರಿನಷ್ಟು ಹೊತ್ತು ಕಾದರು. ನಾನು ತೊಲೆಯತ್ತ ಕಣ್ಣು ಇಳಿಸಿದೆ.

"ನಂದೇ ಸಾರ್," ಅಂದರು.

ಜೋಡಣೆಯನ್ನು ಕೊರೆದು ತೆಗೆದು ಮತ್ತೆ ಬೆಸೆದರು. ಶಿಕ್ಷೆಯಾಗಿ ಭಾವನ ಪಂಚ್ ಪರೀಕ್ಷಕರ ಬೀರು ಸೇರಿತು. ಭಾವ ಶೆಡ್ಡಿನ ಹಿಂದೆ ಮೆಟ್ಟಿಲ ಕಂಬಿಗಳನ್ನು ಉಜ್ಜುವ ಕೆಲಸಕ್ಕೆ ಹೋದರು. ಮನೆಯಲ್ಲಿ ಅವರು ಈ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಕ್ಕ ಮಾತ್ರ ಒಮ್ಮೆ, ನಿಮ್ಮ ಭಾವ ಯಾಕೋ ಕೆಲಸದ ಸುದ್ದಿಯನ್ನೇ ಆಡುವುದಿಲ್ಲ, ನಿನಗೇನಾದರೂ ಗೊತ್ತಾ ಎಂದು ಕೇಳಿದಳು. ದೇವರು ಅವಳಿಗೆ ದೃಷ್ಟಿ ಮರಳಿ ಕೊಟ್ಟಿದ್ದ. ಆ ಕಣ್ಣುಗಳೆದುರು ತಲೆ ಎತ್ತಲಾರದೆ ಇಲ್ಲವೆಂದೆ.

ಅದಾದ ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹಳೆಯ ಅಂಗಿಯ ಜೇಬಿನಲ್ಲಿ ಆ ಬಳಪ ಸಿಕ್ಕಿತು. ಒಂದು ಗೆರೆಯನ್ನೂ ಎಳೆಯದ, ಚೂಪು ಸವೆಯದ ಬಳಪ. ದೇವರು ಕೇಳುವ ಮೊದಲು ನಾನೇ ಹೇಳುವುದು ಮೇಲೆಂದು ಪರೀಕ್ಷಕರ ಮುಂದೆ ಅದನ್ನಿಟ್ಟು ಎಲ್ಲವನ್ನೂ ಹೇಳಿದೆ.

ಅವರು ಬಳಪದ ಚೂಪು ತುದಿಯನ್ನು ಬೆರಳಿಂದ ಮುಟ್ಟಿ ನೋಡಿದರು. ಭಾವ ಪಂಚನ್ನು ಎರವಲು ಕೊಟ್ಟದ್ದೂ ತಪ್ಪೇ, ಆದರೆ ಅದಕ್ಕೆ ಅವರು ಅನುಭವಿಸಿದ್ದು ಸಾಕು ಎಂದರು. ನನ್ನ ಪಂಚ್ ಇಸಿದುಕೊಂಡು, ಬೀರುವಿನಿಂದ ಭಾವನದನ್ನು ತೆಗೆದು ಕೊಟ್ಟರು.

"ಒಂದು ತಿಂಗಳು ಮುಂಚೆ ಬಂದಿದ್ರೆ ಆಗ್ತಿತ್ತು. ಆರು ತಿಂಗಳು ಈ ಉಕ್ಕು ಮುಟ್ಟದಿದ್ರೆ ನಂಬರು ತಾನಾಗೇ ರದ್ದು. ಅವರು ಹೊಸಬರ ಜೊತೆ ಮತ್ತೆ ಪರೀಕ್ಷೆಗೆ ಕೂರಬೇಕು. ಈ ವಯಸ್ಸಲ್ಲಿ ಕೂರ್ತಾರಾ?"

ಶೆಡ್ಡಿನ ಹಿಂದೆ ಭಾವ ಕಂಬಿ ಉಜ್ಜುತ್ತಿದ್ದರು. ನನ್ನನ್ನು ಕಂಡು ಯಂತ್ರ ಆರಿಸಿದರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರ ಧೂಳು ಹಿಡಿದ ಅಂಗೈ ಬಿಡಿಸಿ ಪಂಚನ್ನಿಟ್ಟೆ. ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದೆ.