ಲಾರಿಯ ಮುಖದ ಮೇಲಿನ ಎರಡು ಕಣ್ಣು

ತಮಿಳು ಸೀಮೆಯ ಕರುಮತ್ತಂಪಟ್ಟಿಯ ವೆಲ್ಲಿಂಗಿರಿಯ ಲಾರಿಗೆ ಎರಡು ಕಣ್ಣಿದ್ದವು. ಮುಂದಿನ ಗಾಜಿನ ಕೆಳಗೆ, ಅಗಲವಾದ ಹಸಿರು ತಗಡಿನ ಮೇಲೆ, ಮನೆದೇವತೆ ಅಂಗಾಳಮ್ಮನ ಕಣ್ಣು. ಬರೆದವನು ಪೇಂಟರ್ ಮಾರಿಮುತ್ತು. ಹುಬ್ಬು, ರೆಪ್ಪೆ, ಕಾಡಿಗೆಯ ಗೆರೆ ಎಲ್ಲ ಮುಗಿಸಿ, ಒಳಗಿನ ಕರಿಬೊಟ್ಟು ಮಾತ್ರ ಬಾಕಿ ಬಿಟ್ಟಿದ್ದ. ಒಂದು ಶುಕ್ರವಾರ ಹಸಿದ ಹೊಟ್ಟೆಯಲ್ಲಿ ಬಂದು, ಕರ್ಪೂರ ಹಚ್ಚಿಸಿ, ಅದನ್ನೂ ಇಟ್ಟು ಕಣ್ಣು ತೆರೆಸಿದ. ಮೊದಲ ದೃಷ್ಟಿ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಒಂದು ಹಸುವನ್ನು ನಿಲ್ಲಿಸಿದ್ದರು.

ಇದೆಲ್ಲ ವೆಲ್ಲಿಂಗಿರಿಯ ತಾಯಿ ರಾಮಾತಾಳ್ ಹಟ ಹಿಡಿದು ಮಾಡಿಸಿದ್ದು. ಅವಳ ಗಂಡನೂ ಲಾರಿ ಓಡಿಸುತ್ತಿದ್ದವನೇ. ಇಪ್ಪತ್ತು ವರ್ಷದ ಹಿಂದೆ ನೂಲಿನ ಮೂಟೆ ಹೇರಿಕೊಂಡು ಹೋದವನು ದಾರಿಯಲ್ಲೇ ಲಾರಿ ಉರುಳಿ ತೀರಿಹೋದ. "ಆ ವಂಡಿಗೆ ಕಣ್ಣಿರಲಿಲ್ಲ" ಅಂತ ಮುದುಕಿ ಇವತ್ತಿಗೂ ಹೇಳುತ್ತಾಳೆ. ಮಗ ಸ್ವಂತ ಲಾರಿ ಕೊಂಡು ಓಡಿಸುತ್ತೇನೆಂದಾಗ ಬೇಡವೆನ್ನಲಿಲ್ಲ. ಅಂಗಾಳಮ್ಮ ಮುಂದೆ ನಿಂತು ದಾರಿ ನೋಡಲಿ, ಆಮೇಲೆ ಹೋಗು ಅಂದಳು, ಅಷ್ಟೇ.

ಮೂರು ವರ್ಷ ಅಂಗಾಳಮ್ಮ ದಾರಿ ನೋಡಿದಳು. ಸೋಮನೂರಿನ ಬಟ್ಟೆ ಮೂಟೆ, ಕುನ್ನತ್ತೂರಿನ ತೆಂಗಿನಕಾಯಿ, ಏನೇ ಹೇರಿದರೂ ಲಾರಿ ಹೋದ ಹಾಗೆಯೇ ಮನೆಗೆ ಬಂತು. ಬರುವಾಗ ಮುಖದ ತುಂಬ ಹುಳು. ಕಬ್ಬಿನ ಗದ್ದೆ, ಭತ್ತದ ಗದ್ದೆಗಳ ನಡುವೆ ಓಡುವ ಗಾಡಿ. ಮಳೆ ಬಿದ್ದ ಮಾರನೆಯ ದಿನ ರೆಕ್ಕೆ ಹುಳು, ಮಿಡತೆ, ಚಿಟ್ಟೆ ಎಲ್ಲ ಬಡಿದು ಅಂಟಿ ಒಣಗಿರುತ್ತಿದ್ದವು. ವೆಲ್ಲಿಂಗಿರಿ ಸ್ನಾನಕ್ಕೆ ಹೋದರೆ ರಾಮಾತಾಳ್ ಸ್ಟೂಲು ಎಳೆದುಕೊಂಡು ಲಾರಿಯ ಮುಖ ತೊಳೆಯಲು ನಿಲ್ಲುತ್ತಿದ್ದಳು. ಸೊಸೆ ಸೆಲ್ಲಮ್ಮನಿಗೂ ಆ ಕೆಲಸ ಬಿಟ್ಟುಕೊಟ್ಟವಳಲ್ಲ.

ಈ ವರ್ಷ ಆಡಿ, ಅಂದರೆ ಆಷಾಢ ತಿಂಗಳಲ್ಲಿ ಎಡಗಣ್ಣು ಮಂಕಾಯಿತು. ಮೊದಲು ರೆಪ್ಪೆ ಹೋಯಿತು, ಆಮೇಲೆ ಕಾಡಿಗೆಯ ಗೆರೆ. ಒಂದು ಬೆಳಿಗ್ಗೆ ನೋಡಿದರೆ ಕರಿಬೊಟ್ಟೂ ಹೊಗೆಯ ಬಣ್ಣಕ್ಕೆ ತಿರುಗಿತ್ತು. ರಾಮಾತಾಳ್ ಲಾರಿಯ ಮುಂದೆ ಕೂತುಬಿಟ್ಟಳು.

"ಅವಳು ಕಣ್ಣು ಮುಚ್ಚುತ್ತಾ ಅವಳೆ, ಗಿರಿ. ನಮ್ಮ ಕಡೆ ನೋಡಕ್ಕೆ ಅವಳಿಗೆ ಮನಸ್ಸಿಲ್ಲ. ನೀನು ವಂಡಿ ತೆಗೀಬೇಡ."

"ಹುಳ ತಿಂದಿರುತ್ತೆ ಅವ್ವ. ಟಿಪ್ಪರಿಂದ ಕಲ್ಲು ಸಿಡಿದಿರುತ್ತೆ."

"ಹುಳಕ್ಕೆ ಎಡಗಣ್ಣೇ ಬೇಕಿತ್ತಾ? ನಿಮ್ಮಪ್ಪ ಹೋದ ದಿನ ಬೆಳಿಗ್ಗೆ ನನಗೂ ಎಡಗಣ್ಣೇ ಹಾರಿದ್ದು."

ನಾಲ್ಕು ದಿನ ಲಾರಿ ಬೇವಿನ ಮರದಡಿ ನಿಂತಿತು. ಬಾಡಿಗೆಗೆ ಕರೆದವರಿಗೆಲ್ಲ ವೆಲ್ಲಿಂಗಿರಿ ಟಯರ್ ನೆಪ ಹೇಳಿದ.

ಆದರೆ ಅವ್ವನಿಗೆ ಹೇಳದ ಒಂದು ಭಯ ಅವನ ಎದೆಯಲ್ಲೂ ಇತ್ತು. ಎರಡು ತಿಂಗಳಿಂದ, ಸಂಜೆ ಪಾಲಕ್ಕಾಡಿನ ಕಡೆ ಹೋಗುವಾಗ, ಸೂರ್ಯ ಎದುರಿಗೆ ಬಂದರೆ ಅವನಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಬೆಳಕೆಲ್ಲ ಒಡೆದು, ಹತ್ತಿ ಹರಡಿದ ಹಾಗೆ ಕಣ್ಣ ಮುಂದೆ ನಿಲ್ಲುತ್ತಿತ್ತು. ಒಂದು ಸಲ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನು ತೀರ ಹತ್ತಿರ ಬಂದ ಮೇಲೆ ಕಂಡ. ಬ್ರೇಕ್ ಹಿಡಿಯಿತು, ದೇವರು ದೊಡ್ಡವನು. ವಯಸ್ಸು ಐವತ್ತೆರಡು. ಕಣ್ಣಿಗೆ ಪೊರೆ ಬಂತು, ಇನ್ನು ಲಾರಿ ಬಿಡಬೇಕು ಅಂತ ಒಳಗೊಳಗೇ ಅಂದುಕೊಂಡಿದ್ದ. ಅವ್ವ 'ಕಣ್ಣು ಮುಚ್ಚುತ್ತಾ ಅವಳೆ' ಅಂದಾಗ ಅವನು ಲಾರಿ ನಿಲ್ಲಿಸಿಬಿಟ್ಟಿದ್ದು ಅದಕ್ಕೇ.

ಐದನೆಯ ದಿನ ಸೆಲ್ಲಮ್ಮ ಬಾಯಿ ಬಿಟ್ಟಳು. ಅವಳು ಕೆಲಸಕ್ಕೆ ಹೋಗುವ ಪವರ್‌ಲೂಮಿನ ಯಜಮಾನರ ಕಾರಿಗೆ ಸಿಂಗಾನಲ್ಲೂರಿನ ಅಂಗಡಿಯೊಂದರಲ್ಲಿ ಗಾಜಿನಂಥ ಹಾಳೆ ಅಂಟಿಸಿದ್ದಾರಂತೆ. ಕಲ್ಲು ಬಡಿದರೂ ಬಣ್ಣ ಏಳುವುದಿಲ್ಲವಂತೆ. "ಮೊದಲು ಕಣ್ಣು ತಿದ್ದಿಸಿ, ಅದರ ಮೇಲೆ ಆ ಹಾಳೆ ಹಾಕಿಸಿ. ಹಿಂಗೆ ಮರದ ಕೆಳಗೆ ಕೂತು ಒಬ್ಬರ ಮುಖ ಒಬ್ಬರು ನೋಡಿದ್ರೆ ಬಣ್ಣ ವಾಪಸ್ ಬರ್ತದಾ?"

"ದೇವರ ಕಣ್ಣಿನ ಮೇಲೆ ಹಾಳೆ ಮುಚ್ಚೋದಾ?" ಅಂದಳು ರಾಮಾತಾಳ್.

"ಮುಚ್ಚೋದಾ, ಬಿಡೋದಾ, ನೀವೇ ಹೋಗಿ ನೋಡಿ ಅತ್ತೆ."

ಮುದುಕಿ ಸೀರೆ ಬದಲಾಯಿಸಿಕೊಂಡು ಬಂದು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕಾಲಿಟ್ಟಳು. "ಹೋಗೋದಾದ್ರೆ ನಾನೂ ಬತ್ತೀನಿ. ಆದದ್ದು ಇಬ್ಬರಿಗೂ ಆಗಲಿ."

ಸಿಂಗಾನಲ್ಲೂರಿನ ತನಕ ಅವಳು ಎರಡು ಕೈಯಲ್ಲೂ ಸೀಟು ಹಿಡಿದುಕೊಂಡೇ ಕೂತಿದ್ದಳು. ಮುಂದೆ ಬಸ್ಸು ಕಂಡರೆ "ನಿಲ್ಲಿಸು", ಆಡು ಕಂಡರೆ "ನಿಲ್ಲಿಸು". ಹಿಂದಿನಿಂದ ಒಂದು ಮೊಪೆಡ್ ದಾಟಿ ಹೋಯಿತು.

"ಅವ್ವ, ಅವನು ನಗ್ತಾ ಹೋಗ್ತಾವ್ನೆ."

"ನಗಲಿ. ಅವನ ಹಲ್ಲು ಚೆನ್ನಾಗೈತೆ."

ಅಂಗಡಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಕಾರಿನ ಬಾಗಿಲಿಗೆ ನೀರು ಚಿಮುಕಿಸಿ ತೆಳುವಾದ ಹಾಳೆ ಎಳೆಯುತ್ತಿದ್ದ. ವೆಲ್ಲಿಂಗಿರಿ ತಮಿಳಿನಲ್ಲಿ ವಿಷಯ ಹೇಳಿದ. ಅವನೂ ತಮಿಳಿನಲ್ಲೇ, ತಡವರಿಸುತ್ತ, ನೋಡೋಣ ಅಂದ. ರಾಮಾತಾಳ್ ಮಗನ ಕಿವಿಯ ಹತ್ತಿರ ಮನೆಮಾತಿನಲ್ಲಿ ಅಂದಳು: "ಇವನ ಅಂಗಿ ನೋಡು, ಎಷ್ಟು ಬಿಳಿ. ಕೆಲಸ ಮಾಡೋನ ಅಂಗಿಯಾ ಇದು? ಮೋಸಗಾರ ಇದ್ದಂಗವ್ನೆ."

"ಅಜ್ಜಿ, ಅಂಗಿ ಅಂಗಡಿಯವರು ಇವತ್ತೇ ಹೊಸದಾಗಿ ಕೊಟ್ಟಿದ್ದು. ಸಂಜೆ ಬಂದು ನೋಡಿ" ಅಂದ ಅವನು, ಕನ್ನಡದಲ್ಲಿ.

ಮುದುಕಿ ಸೆರಗು ಬಾಯಿಗಿಟ್ಟುಕೊಂಡಳು. ವೆಲ್ಲಿಂಗಿರಿ ನಕ್ಕ, ಐದು ದಿನದಲ್ಲಿ ಅದೇ ಮೊದಲ ನಗು. ಬಿಳಿ ಅಂಗಿಯವನ ಹೆಸರು ಆದರ್ಶ್, ದಾವಣಗೆರೆಯವನು, ಇಲ್ಲಿಗೆ ಬಂದು ವರ್ಷ ತುಂಬಿಲ್ಲ.

"ನೀನು ರೇಡಿಯೋದಲ್ಲಿ ಮಾತಾಡಿದಂಗೆ ಮಾತಾಡ್ತೀಯ" ಅಂದಳು ರಾಮಾತಾಳ್.

"ನಿಮ್ಮ ಮಾತು ಕೇಳಿದ್ರೆ ನಂಗೆ ಅರ್ಧ ತಮಿಳು ಕೇಳಿದಂಗೆ ಆಗುತ್ತೆ ಅಜ್ಜಿ. ಆದ್ರೆ ಅರ್ಥ ಆಯ್ತು ನೋಡಿ, ಅಂಗಿ ವಿಷಯ ಪೂರ್ತಿ."

ಆದರ್ಶ್ ಲಾರಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೆರಳಿನ ತುದಿಯಿಂದ ತಗಡನ್ನು ಸವರಿದ. "ಇದು ಕಲ್ಲು ಅಣ್ಣ. ನೋಡಿ, ಚುಕ್ಕೆ ಚುಕ್ಕೆ ಎದ್ದಿದೆ. ಮರಳಿನ ಟಿಪ್ಪರ್ ಹಿಂದೆ ತೀರ ಹತ್ತಿರ ಹೋಗಬೇಡಿ. ಇದು ಹುಳ. ಹುಳದ ರಸ ಬಿಸಿಲಿಗೆ ಒಣಗಿದ್ರೆ ಹುಳಿ ಥರ ಬಣ್ಣ ತಿನ್ನುತ್ತೆ, ಅದರ ಆಕಾರಕ್ಕೇ ಕಲೆ ಉಳಿಯುತ್ತೆ." ಆಮೇಲೆ ಎಡಗಣ್ಣಿನ ಹತ್ತಿರ ಬಂದ. ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು ನೋಡಿದ. ಎದ್ದು ಡ್ರೈವರ್ ಸೀಟಿನ ಎದುರಿನ ಗಾಜಿಗೂ ಹಾಗೆಯೇ ಬೆಳಕು ಹಿಡಿದ.

"ಇವೆರಡೂ ಹುಳ ಅಲ್ಲ, ಕಲ್ಲೂ ಅಲ್ಲ. ಸುತ್ತು ಸುತ್ತು ಗೆರೆ ಇದೆ. ಇದು ಕೈ ಓಡಾಡಿದ ಗುರುತು. ಯಾರು ತೊಳೆಯೋದು ಗಾಡಿ?"

ವೆಲ್ಲಿಂಗಿರಿ ಅವ್ವನ ಕಡೆ ತಿರುಗಿದ.

"ನಾನೇ" ಅಂದಳು ರಾಮಾತಾಳ್ ಹೆಮ್ಮೆಯಿಂದ. "ಪ್ರತಿ ಸಲ ಬಂದಾಗ. ಅಂಗಾಳಮ್ಮನ ವಿಗ್ರಹಕ್ಕೆ, ಹಿತ್ತಾಳೆ ದೀಪಕ್ಕೆ ಹೆಂಗೋ ಹಂಗೇ. ಹುಣಸೆಹಣ್ಣು ಹಾಕಿ ನೆನೆಸಿ, ಒಲೆಬೂದಿ ಬಟ್ಟೆಯಲ್ಲಿ ಸೋಸಿ, ತೆಂಗಿನ ನಾರಲ್ಲಿ ತಿಕ್ಕೋದು. ನಾನು ಎಡಚಿ, ಎಡಗೈ ವಾಟ. ಅದಕ್ಕೆ ಆ ಕಡೆಯಿಂದ ಶುರು ಮಾಡ್ತೀನಿ. ಇವನು ಕೂರೋ ಕಡೆ ಗಾಜು ಇನ್ನೂ ಎರಡು ಸಲ ಜಾಸ್ತಿ. ಅವನಿಗೆ ದಾರಿ ಚೆನ್ನಾಗಿ ಕಾಣಬೇಕಲ್ಲ."

ಮುದುಕಿ ಆದರ್ಶನ ಮುಖ ನೋಡಿದಳು, ಮಗನ ಮುಖ ನೋಡಿದಳು.

"ಯಾಕೆ ಸುಮ್ಮಗಾದ್ರಿ? ಸಾಮಿ, ನೀನು ಹೇಳು. ಸುಳ್ಳು ಹೇಳಬೇಡ, ನಾನು ಮುದುಕಿ."

ಆದರ್ಶ್ ಒಳಗೆ ಹೋಗಿ ಹಳೆ ಕಾರಿನ ಒಂದು ಕರಿ ಬಾಗಿಲು ತಂದು ಗೋಡೆಗೆ ಒರಗಿಸಿದ. ಪಕ್ಕದ ಟೀ ಅಂಗಡಿಯಿಂದ ಒಂದು ಹಿಡಿ ಬೂದಿ, ತೆಂಗಿನ ನಾರು ಕೇಳಿ ತಂದ. "ಮನೇಲಿ ಹೆಂಗೆ ತಿಕ್ಕುತ್ತೀರೋ ಹಂಗೇ ಇಲ್ಲಿ ಒಂದು ಅಂಗೈ ಜಾಗ ತಿಕ್ಕಿ ಅಜ್ಜಿ."

ಅವಳು ತಿಕ್ಕಿದಳು. ಐವತ್ತು ವರ್ಷದ ಅಭ್ಯಾಸದ ಕೈ. ಒಂದೇ ಹದ, ಒಂದೇ ಸುತ್ತು. ಆದರ್ಶ್ ನೀರು ಸುರಿದು ತೊಳೆದು, ಬಾಗಿಲನ್ನು ಬಿಸಿಲಿಗೆ ತಿರುಗಿಸಿದ. ಹೊಳೆಯುವ ಕರಿ ಬಣ್ಣದ ನಡುವೆ ಅಂಗೈಯಗಲ ಜಾಗ ಬೂದಿಬೂದಿಯಾಗಿತ್ತು. ಒಳಗೆ ಜೇಡನ ಬಲೆಯ ಹಾಗೆ ಸಾವಿರ ಗೆರೆ.

ರಾಮಾತಾಳ್ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮುಟ್ಟಿ ನೋಡಿದಳು. ಲಾರಿಯ ಹತ್ತಿರ ಹೋಗಿ ಎಡಗಣ್ಣನ್ನೂ ಮುಟ್ಟಿ ನೋಡಿದಳು.

"ಹಂಗಾದ್ರೆ ಅವಳು ಮುಚ್ಚಲಿಲ್ಲ."

"ಇಲ್ಲ ಅಜ್ಜಿ."

"ನಾನು ತಿಕ್ಕಿ ತಿಕ್ಕಿ ಅಳಿಸಿದ್ದು."

"ಹಿತ್ತಾಳೆಗೆ ಅದು ಸರಿ ಅಜ್ಜಿ. ಬಣ್ಣಕ್ಕೆ, ಗಾಜಿಗೆ ಆಗಲ್ಲ ಅಷ್ಟೇ."

ಮುದುಕಿ ಅಳುತ್ತಾಳೆಂದು ವೆಲ್ಲಿಂಗಿರಿ ಹತ್ತಿರ ಬಂದ. ಅವಳು ಅಳಲಿಲ್ಲ. ಸಿಮೆಂಟಿನ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟಳು. ಅದು ಎಷ್ಟು ಉದ್ದದ ಉಸಿರೆಂದರೆ, ಇಪ್ಪತ್ತು ವರ್ಷದಿಂದ ಹಿಡಿದಿಟ್ಟದ್ದನ್ನೆಲ್ಲ ಅಲ್ಲೇ ಇಳಿಸಿದ ಹಾಗಿತ್ತು. ಆಮೇಲೆ ಲಾರಿಯ ಕಡೆ ತಿರುಗಿ, ಎದುರುಮನೆಯವಳನ್ನು ಬೈದ ಹಾಗೆ ಅಂದಳು: "ಕಣ್ಣಿಗೆ ಬೂದಿ ಹಾಕಿ ತಿಕ್ಕಿದ್ರೂ ಮೂರು ವರ್ಷ ನನ್ನ ಮಗನ್ನ ನೋಡ್ಕೊಂಡಿಯಲ್ಲೇ! ಉರೀತದೆ ಅಂತ ಒಂದು ಮಾತು ಹೇಳಬಾರದಾಗಿತ್ತಾ?"

ಅಷ್ಟು ಹೊತ್ತಿಗೆ ವೆಲ್ಲಿಂಗಿರಿ ಆದರ್ಶನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಿದ್ದ. "ತಂಬಿ, ಸಂಜೆ ಹೊತ್ತು ಎದುರು ಬಿಸಿಲಿಗೆ ಏನೂ ಕಾಣಲ್ಲ ನನಗೆ. ಬೆಳಕೆಲ್ಲ ಒಡೆದು ಹೋಗುತ್ತೆ. ಅದೂ..."

"ಗಾಜು ಅಣ್ಣ. ಆ ಗೆರೆಗಳ ಮೇಲೆ ಬಿಸಿಲು ಬಿದ್ರೆ ಇಪ್ಪತ್ತರ ಹುಡುಗನಿಗೂ ಕಾಣಲ್ಲ. ಬನ್ನಿ ಈ ಕಡೆ, ಕ್ಲೀನರ್ ಸೀಟಲ್ಲಿ ಕೂತು ನೋಡಿ."

ವೆಲ್ಲಿಂಗಿರಿ ಹತ್ತಿ ಕೂತ. ಅಲ್ಲಿಂದ ನೋಡಿದರೆ ರಸ್ತೆ, ಅದರಾಚೆ ಮಿಲ್ಲಿನ ಗೋಡೆ, ಗೋಡೆಯ ಮೇಲೆ ಬಿಸಿಲಲ್ಲಿ ಕೂತ ಕಾಗೆ, ಕಾಗೆಯ ಕೊಕ್ಕು ಎಲ್ಲ ಕಾಣುತ್ತಿತ್ತು. ಅವನು ಬಹಳ ಹೊತ್ತು ಇಳಿಯಲಿಲ್ಲ. ಇಳಿದ ಮೇಲೆ ಅವ್ವನ ಹತ್ತಿರ ಹೋಗಿ ಎರಡು ತಿಂಗಳಿನ ಭಯವನ್ನೆಲ್ಲ ಹೇಳಿದ.

"ಪಾಪಿ, ಅದನ್ನ ಮೊದಲೇ ಹೇಳಕ್ಕೆ ಏನಾಗಿತ್ತು?"

"ಹೇಳಿದ್ರೆ ನೀನು ಗಾಜು ಇನ್ನೂ ನಾಲ್ಕು ಸಲ ತಿಕ್ಕುತ್ತಿದ್ದೆ."

ಇಬ್ಬರೂ ನಕ್ಕರು. ಮುದುಕಿಗೆ ನಕ್ಕು ನಕ್ಕು ಕೆಮ್ಮು ಬಂತು. ಆದರ್ಶ್ ನೀರು ತಂದುಕೊಟ್ಟ.

ಒಂದು ಪ್ರಶ್ನೆ ಉಳಿದಿತ್ತು. "ಆ ಹಾಳೆ ಹಾಕಿದ್ರೆ ಅವಳ ದೃಷ್ಟಿಗೆ ಅಡ್ಡ ಆಗಲ್ವಾ ಸಾಮಿ?"

"ಅಜ್ಜಿ, ನೀವು ಕನ್ನಡಕ ಹಾಕಿದೀರಿ. ಅಡ್ಡ ಆಗಿದೆಯಾ?"

"ಇದು ಹಾಕಿದ ಮೇಲೇ ನನಗೆ ಸೂಜಿಗೆ ದಾರ ಪೋಣಿಸಕ್ಕೆ ಆಗಿದ್ದು."

"ಹಂಗೇ ಅಂದ್ಕೊಳ್ಳಿ."

ಗಾಜನ್ನು ಯಂತ್ರದಿಂದ ಪಾಲಿಶ್ ಮಾಡಿದರೂ ಡ್ರೈವರ್ ಕಡೆಯ ಗೆರೆ ಪೂರ್ತಿ ಹೋಗಲಿಲ್ಲ. ಕೊನೆಗೆ ಗಾಜೇ ಬದಲಾಯಿಸಬೇಕಾಯಿತು. ಮಾರಿಮುತ್ತು ಬಂದು, ತನ್ನ ಕೆಲಸದ ಗತಿ ನೋಡಿ, "ಅಜ್ಜಿ, ನನ್ನ ಮೇಲೆ ಏನಾದ್ರೂ ಕೋಪ ಇದ್ರೆ ನೇರ ಹೇಳಬೌದಿತ್ತಲ್ಲ" ಅಂತ ಗೊಣಗಿ ಎರಡೂ ಕಣ್ಣನ್ನು ಹೊಸದಾಗಿ ಬರೆದ. ಹಸಿ ಬಣ್ಣದ ಮೇಲೆ ಹಾಳೆ ಹಾಕಬಾರದು, ಒಂದು ತಿಂಗಳು ಗಾಳಿಯಾಡಲಿ ಅಂದಿದ್ದ ಆದರ್ಶ್. ಆ ತಿಂಗಳು ಮುಗಿಯುವ ತನಕ ಲಾರಿ ನಿಲ್ಲಿಸಬೇಕೇನೋ ಅಂತ ಸೆಲ್ಲಮ್ಮ ಅತ್ತೆಯ ಮುಖ ನೋಡಿದರೆ, ರಾಮಾತಾಳೇ ಮಗನಿಗೆ ಬುತ್ತಿ ಕಟ್ಟಿ ತಂದಿಟ್ಟಳು. "ನಾಲ್ಕು ದಿನ ಕೂತಿದ್ದು ಸಾಕು. ಮರಳು ವಂಡಿ ಕಂಡ್ರೆ ಮಾತ್ರ ದೂರ ನಿಂತು ಬಿಡು."

ತಿಂಗಳು ಕಳೆದ ಮೇಲೆ ಹಾಳೆ ಬಂತು. ಅದಾದ ವಾರಕ್ಕೆ ಪಾಲಕ್ಕಾಡಿನ ಕಡೆ ಒಳ್ಳೆ ಮಳೆಯಾಗಿ, ವೆಲ್ಲಿಂಗಿರಿ ಮಾರನೆಯ ದಿನ ಮಧ್ಯಾಹ್ನ ಮನೆಗೆ ಬಂದಾಗ ಲಾರಿಯ ಮುಖದ ತುಂಬ ರೆಕ್ಕೆ ಹುಳು ಮೆತ್ತಿತ್ತು. ಕಣ್ಣು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ.

ರಾಮಾತಾಳ್ ಬಕೆಟ್ಟಿನಲ್ಲಿ ತಣ್ಣೀರು ತಂದಳು. ಹಳೆಯ ಮೆತ್ತನೆಯ ಪಂಚೆಯೊಂದನ್ನು ಅದ್ದಿ, ಹಿಂಡದೆ, ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ ಅಂಗಾಳಮ್ಮನ ಮುಖದ ಮೇಲೆ ಹರಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

"ಆಯ್ತು ಅವ್ವ, ತೆಗಿ" ಅಂದ ವೆಲ್ಲಿಂಗಿರಿ, ತಲೆ ಒರೆಸಿಕೊಳ್ಳುತ್ತ.

"ಇರು, ಇನ್ನೂ ನೆನೀಲಿ. ಅವಳಿಗೇನು ಅವಸರ ಇಲ್ಲ."

ಎಲೆ ಅಡಿಕೆ ಮುಗಿದ ಮೇಲೆ ಎದ್ದು, ಪಂಚೆಯ ಎರಡು ತುದಿ ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದಳು. ಉಜ್ಜಲಿಲ್ಲ. ಹುಳುವೆಲ್ಲ ಬಟ್ಟೆಯ ಜೊತೆಗೇ ಜಾರಿ ಬಂತು. ಒಂದು ಚೊಂಬು ನೀರು ಸುರಿದಳು. ಎಡಗಣ್ಣು, ಬಲಗಣ್ಣು, ಒಂದೊಂದು ರೆಪ್ಪೆಯ ಕೂದಲೂ ಬರೆದ ಹಾಗೇ ಇತ್ತು.

ರಾಮಾತಾಳ್ ಒದ್ದೆ ಕೈ ಮುಗಿದಳು. "ಗಿರಿ, ನಾಳೆ ಎಷ್ಟು ಗಂಟೆಗೆ ಲೋಡು?" ಅಂದಳು.